ಮನೆಯ ಹಳೆಯ ಹೊಲಿಗೆ ಯಂತ್ರ ಮತ್ತು ಅದರ ಟೈಮಿಂಗ್

ನಮ್ಮ ನಾಡಿನ ಎಷ್ಟೋ ಮನೆಗಳ ಪಡಸಾಲೆಯ ಮೂಲೆಯಲ್ಲಿ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ, ಕಪ್ಪು ಬಣ್ಣದ ಹೊಲಿಗೆ ಯಂತ್ರವೊಂದು ಇರುತ್ತದೆ. ಅದರ ಮೈಮೇಲಿನ ಹೊಂಬಣ್ಣದ ಚಿತ್ತಾರ ಮಾಸಿರುತ್ತದೆ. ಮೇಲೊಂದು ಹಳೆಯ ಬಟ್ಟೆಯನ್ನು ಹೊದಿಸಿ, ಆ ಬಟ್ಟೆಯ ಮೇಲೆ ಪತ್ರಿಕೆಗಳನ್ನೋ ಔಷಧಿಯ ಡಬ್ಬಿಗಳನ್ನೋ ಇಟ್ಟಿರುತ್ತಾರೆ. ವಿಚಾರಿಸಿದರೆ, “ಅದು ಕೆಟ್ಟು ಬಹಳ ದಿನವಾಯಿತು, ಹೊಲಿಗೆ ಬಿಡುತ್ತದೆ” ಎಂಬ ಉತ್ತರ ಬರುತ್ತದೆ. ಮುಂದೊಂದು ದಿನ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅದು ಗುಜರಿಯವನ ತಕ್ಕಡಿಯನ್ನೇರುತ್ತದೆ. ಒಂದು ಕಾಲದಲ್ಲಿ ಇಡೀ ಸಂಸಾರದ ಮಾನವನ್ನು ಮುಚ್ಚಿದ, ಎಷ್ಟೋ ಮನೆಗಳಲ್ಲಿ ಒಲೆಯನ್ನೂ ಉರಿಸಿದ ಉಪಕರಣವು ಕಬ್ಬಿಣದ ತೂಕಕ್ಕೆ ಮಾರಿಹೋಗುತ್ತದೆ.

ಹೊಲಿಗೆ ಬಿಡುವ ಯಂತ್ರವು ಸತ್ತ ಯಂತ್ರವಲ್ಲ ಎಂಬ ಒಂದೇ ಮಾತನ್ನು ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ. ಸೂಜಿಯೂ ಅದರ ಕೆಳಗಿನ ಕೊಕ್ಕೆಯೂ ಒಂದನ್ನೊಂದು ಸಂಧಿಸಬೇಕಾದ ಕ್ಷಣವೊಂದುಂಟು. ರಿಪೇರಿ ಮಾಡುವವರು ಅದನ್ನು ‘ಟೈಮಿಂಗ್’ ಎನ್ನುತ್ತಾರೆ. ಆ ಕ್ಷಣ ತಪ್ಪಿದೆ ಅಥವಾ ತಪ್ಪಿದಂತೆ ಕಾಣುತ್ತಿದೆ, ಅಷ್ಟೆ. ಇದನ್ನು ನಾವು ಗ್ರಂಥ ನೋಡಿ ಹೇಳುತ್ತಿಲ್ಲ. ನಮ್ಮದೇ ತಪ್ಪಿನಿಂದ ಕಲಿತು ಹೇಳುತ್ತಿದ್ದೇವೆ.

ಅಕ್ಕನ ಮನೆಯ ಯಂತ್ರ

ನಮ್ಮ ಅಕ್ಕನವರು ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡವರು. ಮೂರು ಮಕ್ಕಳನ್ನು ಓದಿಸಿ ದಡ ಸೇರಿಸಿದ್ದು ಕಾಲಿನಿಂದ ತುಳಿಯುವ ಒಂದು ಹೊಲಿಗೆ ಯಂತ್ರ. ಈಗ ಅವರಿಗೆ ಎಪ್ಪತ್ತು ದಾಟಿದೆ. ಹೊಲಿದು ಬದುಕಬೇಕಾದ ಅಗತ್ಯವಿಲ್ಲ. ಆದರೂ ದಿಂಬಿನ ಚೀಲ, ಕೌದಿಯ ಅಂಚು, ಮೊಮ್ಮಕ್ಕಳ ಲಂಗ ಎಂದು ಏನನ್ನಾದರೂ ಹೊಲಿಯದೆ ಅವರಿಗೆ ದಿನ ಸಾಗದು. ಎರಡು ವರ್ಷಗಳ ಹಿಂದೆ ಅವರ ಮನೆಗೆ ಹೋದಾಗ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದರು. “ನಾಲ್ಕು ಹೊಲಿಗೆ ಬೀಳತದ, ಎರಡು ಬಿಡತದ ತಮ್ಮಾ. ಇನ್ನ ನನ್ನ ಹಾಂಗ ಅದಕೂ ವಯಸ್ಸಾತು” ಎಂದರು. ಮೊಮ್ಮಗನು ಆಗಲೇ ಗುಜರಿಯವನೊಂದಿಗೆ ಮಾತನಾಡಿದ್ದನು.

ನಮಗೆ ಈ ಯಂತ್ರದ ಪರಿಚಯ ಹಳೆಯದು. 1970ರ ದಶಕದಲ್ಲಿ ನಾವು ಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದಾಗ, ಶಾಲೆ ಆರಂಭವಾಗುವ ಮೊದಲು ವೃದ್ಧ ಸಿಂಪಿಗರೊಬ್ಬರು ಬಂದು ಹುಡುಗರೆಲ್ಲರ ಅಂಗಿ ಚಡ್ಡಿಗಳನ್ನು ಹೊಲಿದುಕೊಡುತ್ತಿದ್ದರು. ಅವರ ಪಕ್ಕದಲ್ಲಿ ಕುಳಿತು ಗುಂಡಿ ಹಚ್ಚುವುದು, ಬಾಬಿನ್ನಿಗೆ ದಾರ ಸುತ್ತುವುದು ನಮ್ಮ ಪಾಲಿನ ಕೆಲಸವಾಗಿತ್ತು. ಯಂತ್ರ ಮೊಂಡು ಹಿಡಿದಾಗ ಅದನ್ನು ಬಿಚ್ಚಿ, ಸೂಜಿಯ ಸಲಾಕೆಯ ಮೇಲಿನ ಎರಡು ಗೆರೆಗಳನ್ನು ಅವರು ನಮಗೆ ತೋರಿಸಿದ್ದರು. ಆ ಗೆರೆಗಳು ನಮ್ಮ ನೆನಪಿನಲ್ಲಿದ್ದವು. ಅದೇ ಧೈರ್ಯದಿಂದ ಅಕ್ಕನ ಯಂತ್ರದ ಮುಖದ ತಗಡನ್ನು ಬಿಚ್ಚಿ, ಸಲಾಕೆಯ ತಿರುಪನ್ನು ಸಡಿಲಿಸಿ, ಅದನ್ನು ತುಸು ಮೇಲಕ್ಕೇರಿಸಿದೆವು. ಹೊಲಿಗೆ ಸರಾಗವಾಗಿ ಬಿತ್ತು. ಅಕ್ಕನಿಗೆ ಸಂತೋಷವಾಯಿತು, ನಮಗೆ ತುಸು ಹೆಮ್ಮೆಯೂ ಆಯಿತು.

ಎಂಟು ದಿನಗಳಲ್ಲಿ ಅವರ ಕರೆ ಬಂದಿತು. ಸೂಜಿ ಮುರಿಯಿತು, ಹೊಸ ಸೂಜಿ ಹಾಕಿದರೆ ಒಂದು ಹೊಲಿಗೆಯೂ ಬೀಳುತ್ತಿಲ್ಲ ಎಂದರು. ಮೊದಲು ನಾಲ್ಕರಲ್ಲಿ ಎರಡನ್ನು ಬಿಡುತ್ತಿದ್ದ ಯಂತ್ರವು ನಮ್ಮ ಪಾಂಡಿತ್ಯದ ದೆಸೆಯಿಂದ ಎಲ್ಲವನ್ನೂ ಬಿಡತೊಡಗಿತ್ತು. ಆದದ್ದೇನು ಎಂಬುದನ್ನು ತಿಳಿಯಬೇಕಾದರೆ, ಯಂತ್ರದಲ್ಲಿ ಹೊಲಿಗೆ ಹೇಗೆ ಬೀಳುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಮೊನೆಯಲ್ಲಿ ಕಣ್ಣುಳ್ಳ ಸೂಜಿ

ಸೂಜಿಯ ಕೆಲಸ ಅತಿ ಪ್ರಾಚೀನವಾದುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಗಳ ಹೆಸರಿನಲ್ಲಿಯೇ ಆ ವೃತ್ತಿಯು ಸೇರಿಕೊಂಡಿದೆ. ಕೈಯಲ್ಲಿ ಹಿಡಿಯುವ ಆ ಸೂಜಿಯ ಕಣ್ಣು ಹಿಂಬದಿಯ ತುದಿಯಲ್ಲಿರುತ್ತದೆ. ಇಡೀ ಸೂಜಿಯು ಬಟ್ಟೆಯನ್ನು ದಾಟಿ ಆಚೆ ಹೋಗಿ, ಮತ್ತೆ ಈಚೆ ಬರಬೇಕು. ಯಂತ್ರದ ಸೂಜಿಯು ಬಟ್ಟೆಯನ್ನು ಪೂರ್ತಿ ದಾಟುವುದಿಲ್ಲ. ಅದರ ಕಣ್ಣು ಮೊನೆಯ ಬಳಿಯಲ್ಲಿರುತ್ತದೆ. ದಾರವನ್ನು ಕೆಳಕ್ಕೆ ಮುಟ್ಟಿಸಿ, ಬಂದ ದಾರಿಯಲ್ಲಿಯೇ ಅದು ಮೇಲೇರುತ್ತದೆ. ಅಮೆರಿಕದ ಎಲಿಯಾಸ್ ಹೋವ್ ಎಂಬವರು ಇಂತಹ ಸೂಜಿಯನ್ನೂ ಕೆಳಗಿನ ಎರಡನೆಯ ದಾರವನ್ನು ಒಯ್ಯುವ ಲಾಳಿಯನ್ನೂ ಒಂದುಗೂಡಿಸಿದ ಯಂತ್ರಕ್ಕೆ 1846ರಲ್ಲಿ ಹಕ್ಕುಪತ್ರ ಪಡೆದರು. ಐಸಾಕ್ ಸಿಂಗರ್ ಅವರು ತಮ್ಮ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1851ರಲ್ಲಿ. ನಮ್ಮ ದೇಶದಲ್ಲಿಯೇ ತಯಾರಾದ ‘ಉಷಾ’ ಯಂತ್ರವು 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನಿಂದ ಹೊರಬಂದಿತು. ಯಂತ್ರ ವ್ಯಾಮೋಹವನ್ನು ಖಂಡಿಸುತ್ತಿದ್ದ ಮಹಾತ್ಮಾ ಗಾಂಧಿಯವರು ಸಹ, 1924ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಪ್ರಕಟವಾದ ಸಂಭಾಷಣೆಯೊಂದರಲ್ಲಿ, ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪಕ್ಕೆ ಹೊರತಾದುದೆಂದು ಪರಿಗಣಿಸಿದ್ದರು. ಮನುಷ್ಯನ ಕೈಯ ಶ್ರಮವನ್ನು ಇಳಿಸುವ, ಆದರೆ ಆ ಕೈಯನ್ನು ಬೇಡವೆನ್ನದ ಯಂತ್ರವದು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕಪ್ಪು ಯಂತ್ರಗಳು ಸಿಂಗರ್ ಕಂಪನಿಯ 15ನೆಯ ವರ್ಗದ ಯಂತ್ರದ ರಚನೆಯನ್ನು ಅನುಸರಿಸಿದವು. ಹೆಸರು ಯಾವುದೇ ಇರಲಿ, ಒಳಗಿನ ಅಂಗಾಂಗಗಳು ಬಹುಮಟ್ಟಿಗೆ ಒಂದೇ. ಎಡಬದಿಯಿಂದ ಬಾಬಿನ್ ಕೇಸನ್ನು ಹಾಕುವ, ಅದರ ಸುತ್ತ ಕೊಕ್ಕೆಯುಳ್ಳ ಷಟಲ್ ಒಂದು ಅತ್ತಿತ್ತ ತೂಗಿದಂತೆ ಅರೆಸುತ್ತು ತಿರುಗಿ ಹಿಂದಕ್ಕೆ ಬರುವ ಯಂತ್ರಗಳಿವು. ಈ ಲೇಖನದಲ್ಲಿ ಹೇಳುವ ಕ್ರಮವು ಈ ಬಗೆಯ ಯಂತ್ರಗಳಿಗೆ ಅನ್ವಯಿಸುತ್ತದೆ.

ಈಗ ಹೊಲಿಗೆ ಬೀಳುವ ಬಗೆಯನ್ನು ನೋಡೋಣ. ಸೂಜಿಯು ಬಟ್ಟೆಯನ್ನು ಚುಚ್ಚಿ ಅತ್ಯಂತ ಕೆಳಕ್ಕೆ ಇಳಿಯುತ್ತದೆ. ಅಲ್ಲಿಂದ ಮೇಲೇಳತೊಡಗಿದೊಡನೆ, ಬಟ್ಟೆಯ ಹಿಡಿತದಿಂದಾಗಿ ದಾರವು ಸೂಜಿಯೊಂದಿಗೆ ಮೇಲೇರಲಾರದೆ ಒಂದು ಬದಿಯಲ್ಲಿ ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ಕಾಲುವೆಯಿದ್ದು ಅಲ್ಲಿ ದಾರ ಅಡಗಿ ಕೂರುತ್ತದೆ. ಕುಣಿಕೆ ಏಳುವುದು ಇನ್ನೊಂದು ಬದಿಯಲ್ಲಿ, ಅಂದರೆ ಕೊಕ್ಕೆಯ ಕಡೆಯಲ್ಲಿ. ಸರಿಯಾಗಿ ಅದೇ ಕ್ಷಣಕ್ಕೆ ಷಟಲ್‌ನ ಕೊಕ್ಕೆಯ ಮೊನೆ ಅಲ್ಲಿಗೆ ಬಂದು ಕುಣಿಕೆಯೊಳಗೆ ನುಗ್ಗಿ, ಅದನ್ನು ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಹೀಗೆ ಮೇಲಿನ ದಾರವು ಕೆಳಗಿನ ದಾರವನ್ನು ಬಳಸುತ್ತದೆ. ಮೇಲೆ ಆಡುವ ದಾರದ ಸನ್ನೆಯು ಅದನ್ನು ಎಳೆದು, ಎರಡೂ ದಾರಗಳ ಗಂಟನ್ನು ಬಟ್ಟೆಯ ನಡುವೆ ಬಿಗಿಯುತ್ತದೆ.

ಕೊಕ್ಕೆ ಬೇಗ ಬಂದರೆ ಕುಣಿಕೆ ಇನ್ನೂ ಎದ್ದಿರುವುದಿಲ್ಲ. ತಡವಾಗಿ ಬಂದರೆ ಸೂಜಿಯ ಕಣ್ಣು ಮೇಲಕ್ಕೆ ಹೋಗಿಬಿಟ್ಟಿರುತ್ತದೆ. ಎರಡು ಸಂದರ್ಭಗಳಲ್ಲಿಯೂ ಕೊಕ್ಕೆಯು ಬರಿಗೈಯಲ್ಲಿ ಹಿಂದಿರುಗುತ್ತದೆ; ಬಟ್ಟೆಯ ಮೇಲೆ ಒಂದು ಹೊಲಿಗೆ ಬಿಟ್ಟುಹೋಗುತ್ತದೆ.

ತಿರುಪು ಮುಟ್ಟುವ ಮುನ್ನ

ಹೊಲಿಗೆ ಬಿಟ್ಟೊಡನೆ ಟೈಮಿಂಗ್ ತಪ್ಪಿತೆಂದು ನಿರ್ಧರಿಸುವುದು ದೊಡ್ಡ ತಪ್ಪು. ಉಕ್ಕಿನ ಈ ಅಂಗಗಳು ತಾವಾಗಿ ಸ್ಥಾನ ಬಿಟ್ಟು ಕದಲುವುದು ಅಪರೂಪ. ದಪ್ಪ ಬಟ್ಟೆಯ ಮಡಿಕೆಗೋ, ಗುಂಡುಪಿನ್ನಿಗೋ, ಜಿಪ್ಪಿನ ಹಲ್ಲಿಗೋ ಸೂಜಿ ಬಲವಾಗಿ ಬಡಿದಾಗ ಸಲಾಕೆ ಜಾರಬಹುದು. ಅಥವಾ ಹಿಂದೆ ಯಾರೋ ತಿರುಪನ್ನು ಬಿಚ್ಚಿ ಸರಿಯಾಗಿ ಬಿಗಿಯದೆ ಇದ್ದಿರಬಹುದು. ಹಾಗಾಗಿರದಿದ್ದರೆ ದೋಷವು ಬೇರೆಡೆ ಇರುವ ಸಂಭವವೇ ಹೆಚ್ಚು.

ಮೊದಲು ನೋಡಬೇಕಾದುದು ಸೂಜಿಯನ್ನು. ಸೂಜಿ ಬಾಗಿದ್ದರೆ, ಮೊನೆ ಮೊಂಡಾಗಿದ್ದರೆ, ಕುಣಿಕೆ ಸರಿಯಾಗಿ ಏಳುವುದಿಲ್ಲ. ಗಾಜಿನ ಮೇಲೆ ಸೂಜಿಯ ಚಪ್ಪಟೆ ಬದಿಯನ್ನು ಮಲಗಿಸಿ ನೋಡಿದರೆ ಬಾಗು ತಿಳಿಯುತ್ತದೆ. ಮನೆಯ ಯಂತ್ರದ ಸೂಜಿಯ ಮೇಲ್ಭಾಗ ಒಂದು ಬದಿಗೆ ಚಪ್ಪಟೆಯಾಗಿರುತ್ತದೆ. ಕಾರ್ಖಾನೆಯ ಯಂತ್ರಗಳ ಸೂಜಿಯ ಮೇಲ್ಭಾಗ ದುಂಡಗಿದ್ದು ಅದರ ಅಳತೆಯೇ ಬೇರೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹಾಕಲಾಗದು. ಚಪ್ಪಟೆ ಬದಿಯು ಕೊಕ್ಕೆಯ ಕಡೆಗಿರಬೇಕು. ಉದ್ದ ಕಾಲುವೆಯಿರುವ ಬದಿಯಿಂದ ದಾರ ಪೋಣಿಸಬೇಕು. ಸೂಜಿಯನ್ನು ಅದರ ಗೂಡಿನಲ್ಲಿ ತಡೆಯುವವರೆಗೆ ಪೂರ್ಣವಾಗಿ ಮೇಲಕ್ಕೆ ದೂಡಿ ತಿರುಪು ಬಿಗಿಯಬೇಕು. ತೆಳು ಬಟ್ಟೆಗೆ 11, ಸಾಧಾರಣ ಬಟ್ಟೆಗೆ 14, ದಪ್ಪ ಬಟ್ಟೆಗೆ 16ನೆಯ ನಂಬರಿನ ಸೂಜಿ ಸಲ್ಲುತ್ತದೆ.

ಎರಡನೆಯದಾಗಿ ಕಸ. ಬಾಬಿನ್ ಕೇಸನ್ನೂ ಷಟಲನ್ನೂ ಹೊರತೆಗೆದು, ಅವು ಕೂರುವ ಗೂಡಿನಲ್ಲಿ ಸೇರಿದ ನೂಲಿನ ಎಳೆ, ಧೂಳುಗಳನ್ನು ಕುಂಚದಿಂದ ತೆಗೆಯಬೇಕು. ಮನೆಯಲ್ಲಿ ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ಯಂತ್ರಕ್ಕೆ ಬಿಡುವ ರೂಢಿಯಿದೆ. ಅವು ಕಾಲಕ್ರಮದಲ್ಲಿ ಅಂಟಾಗಿ ಒಣಗಿ ಚಲನೆಯನ್ನೇ ಕಟ್ಟಿಹಾಕುತ್ತವೆ. ಮಶಿನ್ ಎಣ್ಣೆಯೊಂದನ್ನೇ, ಅದೂ ಒಂದೊಂದು ತೊಟ್ಟು ಮಾತ್ರ, ಬಿಡಬೇಕು. ಷಟಲ್‌ನ ಕೊಕ್ಕೆಯ ಮೊನೆಯ ಮೇಲೆ ಉಗುರಾಡಿಸಿ ನೋಡಿ; ಅಲ್ಲಿ ಒರಟು ತಗಲಿದರೆ ದಾರ ಹರಿಯುವುದಕ್ಕೆ ಅದೇ ಕಾರಣವಾಗಿರಬಹುದು.

ಇನ್ನೊಂದು ಮಾತು. ಬಟ್ಟೆಯ ಅಡಿಯಲ್ಲಿ ದಾರ ಸಡಿಲವಾಗಿ ಗೊಂಚಲುಗಟ್ಟಿದರೆ ಅದು ಸಾಮಾನ್ಯವಾಗಿ ಟೈಮಿಂಗ್ ದೋಷವಲ್ಲ. ಮೇಲಿನ ದಾರವನ್ನು ಪೋಣಿಸುವುದರಲ್ಲಿ ತಪ್ಪಾಗಿದೆ, ಇಲ್ಲವೆ ಅದರ ಬಿಗಿ ಸಾಲದಾಗಿದೆ ಎಂದರ್ಥ. ಹೊಲಿಗೆ ಬಿಡುವುದು, ದಾರ ಎಳೆಯೆಳೆಯಾಗಿ ಹರಿಯುವುದು, ಸೂಜಿ ಒಳಗೆ ಲೋಹಕ್ಕೆ ತಾಗಿ ಟಿಕ್ ಎನ್ನುವುದು, ಇವು ಟೈಮಿಂಗ್ ತಪ್ಪಿದುದರ ಲಕ್ಷಣಗಳು.

ಎರಡು ಗೆರೆಗಳ ಲೆಕ್ಕ

ಮೇಲಿನದೆಲ್ಲ ಸರಿಯಿದ್ದೂ ಹೊಲಿಗೆ ಬಿಟ್ಟರೆ ಆಗ ಟೈಮಿಂಗ್ ನೋಡಬೇಕು. ಮೋಟಾರಿದ್ದರೆ ಅದರ ಪ್ಲಗ್ಗನ್ನು ಕಿತ್ತಿಡಬೇಕು. ಕಾಲು ಯಂತ್ರವಾದರೆ ಬೆಲ್ಟನ್ನು ಚಕ್ರದಿಂದ ಜಾರಿಸಬೇಕು. ದಾರ, ಬಾಬಿನ್ ಕೇಸುಗಳನ್ನು ತೆಗೆದು, ಸೂಜಿ ಇಳಿಯುವ ತೂತಿನ ತಗಡನ್ನೂ ಎಡಬದಿಯ ಮುಖದ ತಗಡನ್ನೂ ಬಿಚ್ಚಬೇಕು. ಷಟಲ್ ಮಾತ್ರ ತನ್ನ ಸ್ಥಾನದಲ್ಲಿಯೇ ಇರಬೇಕು. ಹೊಸ ಸೂಜಿಯೊಂದನ್ನು ಪೂರ್ಣವಾಗಿ ಮೇಲೇರಿಸಿ ಕೂರಿಸಬೇಕು. ಆಮೇಲೆ ಕೈಚಕ್ರವನ್ನು ನಮ್ಮ ಕಡೆಗೆ ಮಾತ್ರ, ನಿಧಾನವಾಗಿ ತಿರುಗಿಸಬೇಕು.

ಸೂಜಿಯನ್ನು ಹಿಡಿದಿರುವ ಉಕ್ಕಿನ ಸಲಾಕೆಗೆ ನೀಡಲ್ ಬಾರ್ ಎನ್ನುತ್ತಾರೆ. ಅದನ್ನು ಒರಸಿ ಬೆಳಕಿನಲ್ಲಿ ನೋಡಿದರೆ ಅನೇಕ ಯಂತ್ರಗಳಲ್ಲಿ ಅಡ್ಡಲಾಗಿ ಕೊರೆದ ಎರಡು ಸಣ್ಣ ಗೆರೆಗಳು ಕಾಣುತ್ತವೆ. ಸೂಜಿಯು ಅತ್ಯಂತ ಕೆಳಗಿದ್ದಾಗ, ಸಲಾಕೆಯು ಯಂತ್ರದ ತಲೆಯಿಂದ ಹೊರಬರುವ ಬುಷ್‌ನ ಕೆಳ ಅಂಚಿಗೆ ಮೇಲಿನ ಗೆರೆ ಸಮವಾಗಿರಬೇಕು. ಇದು ಮೊದಲ ಪರೀಕ್ಷೆ. ಅನಂತರ ಚಕ್ರವನ್ನು ಇನ್ನಷ್ಟು ತಿರುಗಿಸಿ, ಸೂಜಿ ಮೇಲೇಳುತ್ತಾ ಕೆಳಗಿನ ಗೆರೆಯು ಅದೇ ಅಂಚಿಗೆ ಬಂದಾಗ ನಿಲ್ಲಿಸಬೇಕು. ಆಗ ಕೊಕ್ಕೆಯ ಮೊನೆಯು ಸರಿಯಾಗಿ ಸೂಜಿಯ ನಡುಗೆರೆಯಲ್ಲಿರಬೇಕು; ಸೂಜಿಯ ಕಣ್ಣು ಆ ಮೊನೆಗಿಂತ ಸುಮಾರು ಒಂದೂವರೆ ಮಿಲಿಮೀಟರ್ ಕೆಳಗಿರಬೇಕು. ಇದು ಎರಡನೆಯ ಪರೀಕ್ಷೆ. ಗೆರೆಗಳಿಲ್ಲದ ಯಂತ್ರಗಳಲ್ಲಿ, ಅತ್ಯಂತ ಕೆಳಗಿನ ಸ್ಥಾನದಿಂದ ಸೂಜಿ ಸುಮಾರು 2ರಿಂದ 2.5 ಮಿಲಿಮೀಟರ್ ಮೇಲೆದ್ದಾಗ ಈ ಭೇಟಿ ನಡೆಯಬೇಕು ಎಂದು ಅಳೆದುಕೊಳ್ಳಬಹುದು.

ಮೊದಲ ಗೆರೆಯೇ ಹೊಂದದಿದ್ದರೆ ಸಲಾಕೆ ಜಾರಿದೆ ಎಂದು ತಿಳಿಯಬೇಕು. ಸಡಿಲಿಸುವ ಮುನ್ನ ಅದು ಈಗಿರುವ ಸ್ಥಾನವನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುವುದು ಉತ್ತಮ. ದಾರಿ ತಪ್ಪಿದರೆ ಹಿಂದಿರುಗಲು ಒಂದು ನೆಲೆ ಇರುತ್ತದೆ. ಮುಖದ ತಗಡಿನ ಒಳಗೆ ಸಲಾಕೆಯನ್ನು ಹಿಡಿದಿರುವ ತಿರುಪನ್ನು ತುಸುವೇ ಸಡಿಲಿಸಿ, ಸಲಾಕೆಯನ್ನು ಸುತ್ತಿಸದೆ ನೇರವಾಗಿ ಮೇಲಕ್ಕೋ ಕೆಳಕ್ಕೋ ಸರಿಸಿ, ಗೆರೆಯನ್ನು ಅಂಚಿಗೆ ಹೊಂದಿಸಿ ಗಟ್ಟಿಯಾಗಿ ಬಿಗಿಯಬೇಕು. ಸಲಾಕೆ ಸುತ್ತಿದರೆ ಸೂಜಿಯ ಮುಖ ಕೊಕ್ಕೆಯಿಂದ ಓರೆಯಾಗುತ್ತದೆ. ಕಡೆಯದಾಗಿ, ಕೊಕ್ಕೆಯು ಸೂಜಿಯನ್ನು ಹಾದುಹೋಗುವಾಗ ಎರಡರ ನಡುವೆ ತೆಳು ಕಾಗದದಷ್ಟು ಎಡೆಯಿರಬೇಕು, ತಾಗಬಾರದು. ಎಲ್ಲವನ್ನೂ ಜೋಡಿಸಿ, ಮೊದಲ ಇಪ್ಪತ್ತು ಹೊಲಿಗೆಗಳನ್ನು ಚಕ್ರವನ್ನು ಕೈಯಿಂದಲೇ ತಿರುಗಿಸಿ ಹೊಲಿದು ನೋಡಬೇಕು.

ನಮ್ಮ ತಪ್ಪು ಎಲ್ಲಿತ್ತು

ಅಕ್ಕನ ಮನೆಗೆ ಎರಡನೆಯ ಸಲ ಹೋದಾಗ ಈ ಕ್ರಮದಲ್ಲಿ ನೋಡಿದೆವು. ಸೂಜಿ ಅತ್ಯಂತ ಕೆಳಗಿದ್ದಾಗಲೂ ಮೇಲಿನ ಗೆರೆಯು ಬುಷ್‌ನ ಒಳಗೇ ಅಡಗಿತ್ತು. ಅಂದರೆ ಸಲಾಕೆಯು ಇರಬೇಕಾದುದಕ್ಕಿಂತ ಮೇಲಿತ್ತು. ಅದನ್ನು ಮೇಲೇರಿಸಿದವರು ನಾವೇ. ಹಾಗಾದರೆ ಅಂದು ಹೊಲಿಗೆ ಸರಿಯಾಗಿ ಬಿದ್ದದ್ದು ಹೇಗೆ? ಮೊಮ್ಮಗಳನ್ನು ವಿಚಾರಿಸಿದಾಗ ಗುಟ್ಟು ತಿಳಿಯಿತು. ತಿಂಗಳುಗಳ ಹಿಂದೆ ಸೂಜಿ ಬದಲಿಸಿದವಳು ಅವಳು. ಅವಸರದಲ್ಲಿ ಸೂಜಿಯನ್ನು ತುದಿಯವರೆಗೆ ದೂಡದೆ ತಿರುಪು ಬಿಗಿದಿದ್ದಳು. ಸೂಜಿ ಒಂದೆರಡು ಮಿಲಿಮೀಟರ್ ಕೆಳಗೆ ನಿಂತದ್ದರಿಂದ ಹೊಲಿಗೆ ಬಿಡುತ್ತಿತ್ತು. ಸೂಜಿಯನ್ನು ನೋಡದೆಯೇ ನಾವು ಆ ತಪ್ಪಿಗೆ ತಕ್ಕಂತೆ ಇಡೀ ಸಲಾಕೆಯನ್ನು ಮೇಲೇರಿಸಿದ್ದೆವು. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿತ್ತು. ಆ ಸೂಜಿ ಮುರಿದು, ಅಕ್ಕ ತಮ್ಮ ಅಭ್ಯಾಸದಂತೆ ಹೊಸ ಸೂಜಿಯನ್ನು ಸರಿಯಾಗಿ ಕೂರಿಸಿದೊಡನೆ, ನಮ್ಮ ತಪ್ಪೊಂದೇ ಉಳಿದು ಬಯಲಾಯಿತು.

ಆಗ ಆ ವೃದ್ಧ ಸಿಂಪಿಗರ ಮಾತು ಪೂರ್ತಿಯಾಗಿ ನೆನಪಿಗೆ ಬಂದಿತು. “ತಮ್ಮಾ, ಮೊದಲ ಸೂಜಿ ನೋಡು, ಆಮ್ಯಾಲ ಕಸ ನೋಡು, ಕಡೀಕ ತಿರುಪ ಮುಟ್ಟು” ಎಂದು ಅವರು ಹೇಳುತ್ತಿದ್ದರು. ಗೆರೆಗಳನ್ನು ನೆನಪಿಟ್ಟುಕೊಂಡ ನಾವು ಕ್ರಮವನ್ನು ಮರೆತಿದ್ದೆವು. ಕ್ರಮವಿಲ್ಲದ ತಿಳಿವಳಿಕೆಯು ತಿಳಿಯದಿರುವುದಕ್ಕಿಂತ ಹೆಚ್ಚು ಹಾನಿಯನ್ನು ಮಾಡೀತು.

ಸಲಾಕೆಯನ್ನು ಗೆರೆಗೆ ಇಳಿಸಿ ಬಿಗಿದೆವು. ಮೊಮ್ಮಗಳು ಚಕ್ರ ತಿರುಗಿಸಿದಳು. ಅಕ್ಕ ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. ನಲವತ್ತು ವರ್ಷಗಳಿಗೂ ಮಿಕ್ಕಿ ಆ ಯಂತ್ರವನ್ನು ತುಳಿದವರು ಕೊಕ್ಕೆಯು ಕುಣಿಕೆಯನ್ನು ಹಿಡಿಯುವುದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. “ಇಷ್ಟs ಏನು?” ಎಂದರು. ಯಂತ್ರವು ಇಂದಿಗೂ ಅದೇ ಕಿಟಕಿಯ ಬಳಿ ನಡೆಯುತ್ತಿದೆ. ಸೂಜಿ ಬದಲಿಸುವ ಹೊಣೆ ಈಗಲೂ ಮೊಮ್ಮಗಳದೇ.

ಎಲ್ಲಿ ನಿಲ್ಲಬೇಕು

ಎಲ್ಲವನ್ನೂ ಮನೆಯಲ್ಲಿಯೇ ಮಾಡಬಹುದೆಂದು ನಾವು ಹೇಳುವುದಿಲ್ಲ. ಮೇಲೆ ಹೇಳಿದ ಬಗೆಯ ಯಂತ್ರಗಳಲ್ಲಿ ಕೊಕ್ಕೆಯ ಚಲನೆಯು ಸಾಮಾನ್ಯವಾಗಿ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ನಾವು ಹೊಂದಿಸಬೇಕಾದುದು ಸಲಾಕೆಯ ಎತ್ತರವನ್ನು ಮಾತ್ರ. ಗೆರೆ ಸರಿಯಿದ್ದೂ ಕೊಕ್ಕೆಯು ಸೂಜಿಯನ್ನು ಸಂಧಿಸದಿದ್ದರೆ ಷಟಲ್ ಸವೆದಿರಬಹುದು, ಇಲ್ಲವೆ ಅದನ್ನು ಆಡಿಸುವ ಅಂಗ ಸಡಿಲವಾಗಿರಬಹುದು. ಕೊಕ್ಕೆಯು ಹಿಂದಿರುಗದೆ ಪೂರ್ಣ ಸುತ್ತು ತಿರುಗುವ ಯಂತ್ರಗಳಲ್ಲಿ ಕೊಕ್ಕೆಯ ಸ್ಥಾನವನ್ನೇ ಹೊಂದಿಸಬೇಕಾಗುತ್ತದೆ. ಬಟ್ಟೆಯನ್ನು ಮುಂದೆ ಸರಿಸುವ ಹಲ್ಲುಗಳಿಗೂ ಒಂದು ಕಾಲವಿದೆ. ಸೂಜಿ ಬಟ್ಟೆಯೊಳಗಿದ್ದಾಗಲೇ ಹಲ್ಲುಗಳು ಬಟ್ಟೆಯನ್ನು ಎಳೆದು ಸೂಜಿಯನ್ನು ಬಾಗಿಸುತ್ತಿದ್ದರೆ ಆ ಕಾಲ ತಪ್ಪಿದೆ. ಇವೆಲ್ಲ ಅನುಭವಿ ರಿಪೇರಿಗಾರರ ಕೆಲಸಗಳು. ಅವರನ್ನು ಮನೆಗೆ ಕರೆಸಿ, ಕೆಲಸ ನೋಡಿ, ಯೋಗ್ಯ ಪ್ರತಿಫಲ ಕೊಡುವುದು ನಮ್ಮ ಕರ್ತವ್ಯ. ಕೆಲವು ಊರುಗಳಲ್ಲಿ ಅಂತಹವರು ಇಬ್ಬರೋ ಮೂವರೋ ಉಳಿದಿದ್ದಾರೆ. ಅವರಲ್ಲಿ ಹಲವರಿಗೆ ಶಿಷ್ಯರಿಲ್ಲ. ಮನೆಯ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ ನೋಡಲು ಹೇಳಿದರೆ ಆ ವಿದ್ಯೆಯ ಒಂದಂಶವಾದರೂ ಮುಂದಿನ ತಲೆಮಾರಿಗೆ ಉಳಿದೀತು.

ನಿಮ್ಮ ಮನೆಯ ಮೂಲೆಯಲ್ಲಿ ಅಂತಹ ಯಂತ್ರವಿದ್ದರೆ, ಗುಜರಿಯವನಿಗೆ ಹೇಳಿಕಳುಹಿಸುವ ಮುನ್ನ ಮೇಲಿನ ಬಟ್ಟೆಯನ್ನು ತೆಗೆಯಿರಿ. ಹೊಸ ಸೂಜಿಯೊಂದನ್ನು ತನ್ನಿರಿ, ಅದನ್ನು ತುದಿಯವರೆಗೆ ದೂಡಿ ಬಿಗಿಯಿರಿ. ಕಸ ತೆಗೆದು ಎರಡು ತೊಟ್ಟು ಎಣ್ಣೆ ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿರಿ. ಬಹುಶಃ ತಿರುಪನ್ನು ಮುಟ್ಟುವ ಪ್ರಸಂಗವೇ ಬಾರದು.